ಸಜ್ಜಾ ಇಲ್ಲದ ಮನೆ ಚೆಂದವೇ? ಅಂದ ಮತ್ತು ಉಪಯೋಗದ ಬಗ್ಗೆ ತಿಳಿದವರು ಹೇಳಿ

ಹೊಸಮನೆ_ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೊರವಲಯದ ಬಡಾವಣೆಯೊಂದರಲ್ಲಿ 30×40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿಸಲು ಹೊರಟಿದ್ದೇವೆ. ರಸ್ತೆ ಪಶ್ಚಿಮಕ್ಕಿದೆ. ವಾಸ್ತುಶಿಲ್ಪಿಯವರು ಬರೆದುಕೊಟ್ಟ ಮುಂಭಾಗದ ಚಿತ್ರ ನೋಡಿದ ಕೂಡಲೇ ನನಗೂ ನನ್ನ ಹೆಂಡತಿಗೂ ಹಿಡಿಸಿತು. ಸಪಾಟಾದ ಬಿಳಿ ಗೋಡೆ, ಕಪ್ಪು ಚೌಕಟ್ಟಿನ ದೊಡ್ಡ ಗಾಜಿನ ಕಿಟಕಿಗಳು, ಗೋಡೆಯಿಂದ ಹೊರಕ್ಕೆ ಚಾಚಿದ್ದೆಂದು ಹೇಳಲು ಒಂದು ಅಂಗುಲವೂ ಇಲ್ಲ. ಚಿತ್ರವನ್ನು ತಂದೆಯವರ ಮುಂದಿಟ್ಟಾಗ ಅವರು ಕೇಳಿದ್ದು ಒಂದೇ ಮಾತು: "ಸಜ್ಜಾ ಎಲ್ಲಿ?" ಕಿಟಕಿಯ ಮೇಲೆ ಮಳೆ ಬಿಸಿಲು ತಡೆಯಲು ಗೋಡೆಯಿಂದ ಹೊರಕ್ಕೆ ಚಾಚುವ ಹಲಗೆಯನ್ನು ಅವರು ಕೇಳಿದ್ದು.

ಸಜ್ಜಾ ಹಾಕಿದರೆ ಮುಂಭಾಗದ ರೇಖೆ ಕೆಡುತ್ತದೆ, ಮನೆ ಹಳೆಯ ಸರ್ಕಾರಿ ವಸತಿಗೃಹದಂತೆ ಕಾಣುತ್ತದೆ ಎಂಬುದು ವಾಸ್ತುಶಿಲ್ಪಿಯವರ ವಾದ. ನಾನೂ ಅದನ್ನೇ ತಂದೆಯವರಿಗೆ ಹೇಳಿದೆ. ಅವರು ವಾದಕ್ಕೆ ನಿಲ್ಲಲಿಲ್ಲ. ಈಗ ನಾವು ಬಾಡಿಗೆಗಿರುವ ಮನೆಯೂ ಇತ್ತೀಚೆಗೆ ಕಟ್ಟಿದ್ದೇ, ಅದಕ್ಕೂ ಸಜ್ಜಾ ಇಲ್ಲ. ನನ್ನನ್ನು ಕೋಣೆಯ ಕಿಟಕಿಯ ಬಳಿ ನಿಲ್ಲಿಸಿ ಅವರು ತಾರಸಿಗೆ ಹೋಗಿ ಒಂದು ಚೆಂಬು ನೀರನ್ನು ಗೋಡೆಗುಂಟ ನಿಧಾನವಾಗಿ ಸುರಿದರು. ನೀರು ಗೋಡೆಗೆ ಅಂಟಿಕೊಂಡೇ ಇಳಿದು ಕಿಟಕಿಯ ಮೇಲಂಚಿಗೆ ಬಂತು. ಅಲ್ಲಿ ಕೆಳಕ್ಕೆ ಬೀಳುತ್ತದೆ ಎಂದುಕೊಂಡಿದ್ದೆ. ಬೀಳಲಿಲ್ಲ. ಅಂಚಿನಲ್ಲಿ ಒಳಕ್ಕೆ ತಿರುಗಿ, ಚೌಕಟ್ಟಿನವರೆಗೆ ತೆವಳಿಕೊಂಡು ಬಂದು, ಚೌಕಟ್ಟಿಗೂ ಗೋಡೆಗೂ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಮಾಯವಾಯಿತು. ತಂದೆಯವರು ಕೆಳಗಿಳಿದು ಬಂದು, ಕಿಟಕಿಯ ಕೆಳಗೆ ಪುಟ್ಟಿ ಉಬ್ಬಿ ಪುಡಿಯಾಗಿ ಉದುರುತ್ತಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಆ ಜಾಗಕ್ಕೆ ಎರಡು ಸಲ ಬಣ್ಣ ಬಳಿಸಿದ್ದೇವೆ. ಕಾರಣ ಮಾತ್ರ ಹೊಳೆದಿರಲಿಲ್ಲ.

ಈಗ ನನಗೆ ಎರಡು ಮನಸ್ಸಾಗಿದೆ. ಚಿತ್ರದಲ್ಲಿರುವ ಮನೆ ನಿಜಕ್ಕೂ ಚೆಂದವಾಗಿದೆ, ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಅಂದ ಬೇಕಾದರೆ ಉಪಯೋಗವನ್ನು ಕಳೆದುಕೊಳ್ಳಲೇಬೇಕೇ? ಕಟ್ಟಿಸಿದವರು, ಕಟ್ಟಿದವರು, ಓದಿದವರು ದಯವಿಟ್ಟು ಹೇಳಿ.

ಕರಣೆ_ತೂಗುಗುಂಡು

ನಿಮ್ಮ ತಂದೆಯವರು ಹೇಳಿದ ಹಾಗೆ ಮಾಡಿ.

ರೇಖೆ_ನೆರಳು

ನಾನು ವಾಸ್ತುಶಿಲ್ಪ ಓದಿ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮೇಲಿನ ಒಂದು ಸಾಲಿನ ತೀರ್ಪನ್ನು ನಾನು ಒಪ್ಪುವುದಿಲ್ಲ. ನೀರನ್ನು ಕಿಟಕಿಯಿಂದ ದೂರವಿಡಬೇಕು ಎಂಬುದು ಸರಿ, ಆದರೆ ಅದಕ್ಕೆ ಸಜ್ಜಾ ಒಂದೇ ದಾರಿಯಲ್ಲ. ಕಿಟಕಿಯನ್ನು ಗೋಡೆಯ ಹೊರಮೈಗೆ ಸಮನಾಗಿ ಕೂರಿಸುವ ಬದಲು ಒಂದಡಿ ಒಳಕ್ಕೆ ಸರಿಸಿದರೆ ಗೋಡೆಯೇ ಅದಕ್ಕೆ ನೆರಳಾಗುತ್ತದೆ. ಮೇಲಿನ ಮಹಡಿಯನ್ನು ಸ್ವಲ್ಪ ಮುಂದಕ್ಕೆ ತಂದರೆ ಕೆಳಗಿನ ಕಿಟಕಿಗಳಿಗೆ ಬೇರೆ ಸಜ್ಜಾವೇ ಬೇಡ. ಈಗಿನ ಕಿಟಕಿಗಳು, ಸಂದಿ ಮುಚ್ಚುವ ಸಿಲಿಕೋನ್, ಹೊರಗೋಡೆಯ ಬಣ್ಣ ಎಲ್ಲವೂ ಹಿಂದಿಗಿಂತ ಎಷ್ಟೋ ಉತ್ತಮವಾಗಿವೆ.

ಇನ್ನೊಂದು ಮಾತನ್ನೂ ಹೇಳಬೇಕು. ಅಂದವನ್ನು ಉಪಯೋಗದ ಎದುರಾಳಿ ಎಂದು ನೋಡುವುದೇ ತಪ್ಪು. ಮೂವತ್ತು ವರ್ಷ ದಿನವೂ ಸಂಜೆ ಮರಳಿ ಬರುವ ಮನೆ ಕಣ್ಣಿಗೆ ಹಿತವಾಗಿರುವುದು ಸಣ್ಣ ಉಪಯೋಗವೇನಲ್ಲ. ಸಜ್ಜಾ ಹಾಕಿದ ಮನೆಗಳು ಬಹಳಷ್ಟು ಕಡೆ ಕೆಟ್ಟದಾಗಿ ಕಾಣುತ್ತವೆ ಎಂಬುದಂತೂ ನಿಜ.

ಕರಣೆ_ತೂಗುಗುಂಡು

ಮೇಡಂ, ಒಂದು ಸಾಲಿನಲ್ಲಿ ಹೇಳಿದ್ದು ಒರಟಾಗಿ ಕಂಡಿದ್ದರೆ ಕ್ಷಮಿಸಿ, ವಿವರವಾಗಿ ಬರೆಯುತ್ತೇನೆ. ಇಪ್ಪತ್ತೆಂಟು ವರ್ಷಗಳಿಂದ ಗಾರೆ ಕೆಲಸದಲ್ಲಿದ್ದೇನೆ, ಮೊದಲು ಕೂಲಿಯಾಗಿ, ಈಗ ಮೇಸ್ತ್ರಿಯಾಗಿ. ನೀವು ಹೇಳುವ ಸಿಲಿಕೋನ್ ಹಾಕಿದ ದಿನ ಬಹಳ ಚೆನ್ನಾಗಿರುತ್ತದೆ. ಪಶ್ಚಿಮದ ಗೋಡೆಯಲ್ಲಿ ದಿನವಿಡೀ ಕಾದು ರಾತ್ರಿ ತಣ್ಣಗಾಗುವ ಅಲ್ಯೂಮಿನಿಯಂ ಚೌಕಟ್ಟು ಹಿಗ್ಗಿ ಕುಗ್ಗಿ ಅದನ್ನು ಗೋಡೆಯಿಂದ ಬಿಡಿಸಿಬಿಡುತ್ತದೆ. ಆಮೇಲೆ ಮನೆಯವರು ನಮ್ಮನ್ನು ಕರೆಸುತ್ತಾರೆ, ನಾವು ಹಗ್ಗ ಕಟ್ಟಿಕೊಂಡು ಇಳಿದು ಮತ್ತೆ ಹಚ್ಚುತ್ತೇವೆ, ಕೆಲವು ಮಳೆಗಾಲ ಕಳೆದ ಮೇಲೆ ಮತ್ತೆ ಕರೆ ಬರುತ್ತದೆ. ಸಜ್ಜಾ ಹಾಕಿದ ಮನೆಯಿಂದ ಇಂಥ ಕರೆ ಬಂದದ್ದು ನನಗೆ ಬಹಳ ಕಡಿಮೆ.

ಆದರೆ ಸಜ್ಜಾ ಹಾಕಿದ ಮಾತ್ರಕ್ಕೆ ಆಯಿತು ಎಂದುಕೊಳ್ಳಬೇಡಿ. ನೀರಿನ ಸ್ವಭಾವವನ್ನು ಹೊಸಮನೆಯವರ ತಂದೆ ತೋರಿಸಿಕೊಟ್ಟಿದ್ದಾರೆ: ಅದು ಅಂಚಿನಿಂದ ಬೀಳುವುದಿಲ್ಲ, ತಳಕ್ಕೆ ಅಂಟಿಕೊಂಡು ಗೋಡೆಯ ಕಡೆಗೆ ಮರಳಿ ಬರುತ್ತದೆ. ಅದನ್ನು ತಡೆಯಲು ಸಜ್ಜಾದ ತಳದಲ್ಲಿ, ಹೊರ ಅಂಚಿನಿಂದ ಒಂದೆರಡು ಅಂಗುಲ ಒಳಗೆ, ಉದ್ದಕ್ಕೂ ಅರ್ಧ ಅಂಗುಲ ಆಳದ ಒಂದು ಗೀರು ಇರಬೇಕು. ಒಳಕ್ಕೆ ತೆವಳುವ ನೀರು ಆ ಗೀರನ್ನು ದಾಟಲಾರದೆ ಅಲ್ಲಿಯೇ ಹನಿಯಾಗಿ ಉದುರುತ್ತದೆ. ಹಳೆಯ ಕಟ್ಟಡಗಳ ಸಜ್ಜಾದ ಕೆಳಗೆ ನಿಂತು ತಲೆ ಎತ್ತಿ ನೋಡಿ, ಆ ಗೀರು ಕಾಣುತ್ತದೆ. ಈಗ ಯಾರೂ ಕೇಳುವುದಿಲ್ಲ, ಆದ್ದರಿಂದ ಯಾರೂ ಮಾಡುವುದಿಲ್ಲ.

ಆಗುಂಬೆ_ಘಟ್ಟ

ನಾವು ಮಲೆನಾಡಿನವರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮಲ್ಲಿ ಮನೆಯ ಚೆಂದ ಎಂದರೆ ಮೊದಲು ಮಾಡಿನ ಚೆಂದ, ಗೋಡೆಯದ್ದು ಆಮೇಲೆ. ಹಂಚಿನ ಮಾಡು ಗೋಡೆಯಿಂದ ಮೂರು ಅಡಿ ಮುಂದಕ್ಕೆ ಬಂದು ಜಗಲಿಯ ಮೇಲೆ ತಗ್ಗುತ್ತದೆ, ಒಳಗೆ ಹೋಗುವವರು ಸ್ವಲ್ಪ ತಲೆ ಬಾಗಿಸಬೇಕು. ಆಷಾಢದಲ್ಲಿ ಅಷ್ಟೂ ಸಾಲದೆ ಇರಚಲು ತಡೆಯಲು ಜಗಲಿಯ ಸುತ್ತ ಅಡಿಕೆಯ ಸೋಗೆಯ ತಟ್ಟಿ ಕಟ್ಟುತ್ತೇವೆ. ಸೂರಿನಿಂದ ನೀರು ಒಂದೇ ಸಾಲಿನಲ್ಲಿ ಅಂಗಳಕ್ಕೆ ಬಿದ್ದು ಬಿದ್ದು ನೆಲದಲ್ಲಿ ಉಂಟಾದ ಗುಳಿಗಳನ್ನು ಎಣಿಸಿದರೆ ಮಾಡಿನಲ್ಲಿ ಎಷ್ಟು ಸಾಲು ಹಂಚಿದೆ ಎಂದು ಹೇಳಬಹುದು. ಬಾಲ್ಯದಲ್ಲಿ ನಾವು ಎಣಿಸುತ್ತಿದ್ದೆವು.

ಕಲ್ಲಿನಲ್ಲಿ ಕಟ್ಟುವಾಗಲೂ ಈ ಸೀಮೆಯವರು ಮಾಡನ್ನು ಬಿಡಲಿಲ್ಲ ಎಂಬುದಕ್ಕೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಬೇಕು. 1430ರ ಹೊತ್ತಿಗೆ ಕಟ್ಟಿದ್ದು. ಬಯಲುಸೀಮೆಯ ದೇವಾಲಯಗಳಂತೆ ಅದಕ್ಕೆ ಚಪ್ಪಟೆಯ ಸೂರಿಲ್ಲ, ಇಳಿಜಾರಾದ ಮಾಡು ಒಂದರ ಮೇಲೊಂದು ಏರಿವೆ. ಭಟ್ಕಳದ ಖೇತಪಯ್ಯ ನಾರಾಯಣ ದೇವಾಲಯದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಹದಿನಾರನೆಯ ಶತಮಾನದ ಆ ಗುಡಿಯಲ್ಲಿ ಇಡೀ ಕಲ್ಲಿನ ಚಪ್ಪಡಿಗಳನ್ನು ಹಲಗೆಯಂತೆ ಇಳಿಜಾರಾಗಿ ಜೋಡಿಸಿದ್ದಾರೆ. ಸುತ್ತಲಿನ ಗೋಡೆಯನ್ನೂ ಮರದ ಪಟ್ಟಿಗಳ ತಟ್ಟಿಯಂತೆಯೇ ಕಲ್ಲಿನಲ್ಲಿ ಕಡೆದಿದ್ದಾರೆ, ಗಾಳಿ ಬರುತ್ತದೆ, ಇರಚಲು ಒಳಗೆ ಬರುವುದಿಲ್ಲ. ಶಿಲ್ಪಿಗಳಿಗೆ ಅಲಂಕಾರ ಬರುತ್ತಿರಲಿಲ್ಲವೆಂದಲ್ಲ, ಅದೇ ಗುಡಿಯ ಬಾಗಿಲವಾಡ ನೋಡಿದರೆ ಗೊತ್ತಾಗುತ್ತದೆ. ಆದರೆ ಮಳೆಗೆ ಮೊದಲು ಉತ್ತರ ಕೊಟ್ಟರು.

ರೇಖೆ_ನೆರಳು

ಭಟ್ಕಳದ ಗುಡಿಯ ಉದಾಹರಣೆಗೆ ಧನ್ಯವಾದ, ನಾನು ಅಲ್ಲಿಗೆ ಹೋಗಿದ್ದೇನೆ. ಆದರೆ ಮೈಸೂರು ಆಗುಂಬೆಯಲ್ಲ. ಮಲೆನಾಡಿನ ಮಾಡನ್ನು ಬಯಲುಸೀಮೆಯ 30×40ಕ್ಕೆ ತಂದು ಕೂರಿಸಿದರೆ ಅದೂ ಬರಿಯ ವೇಷವೇ ಆಗುತ್ತದೆ. ಈಗ ಎಷ್ಟೋ ಮನೆಗಳಲ್ಲಿ ಕಾಂಕ್ರೀಟ್ ಚಾವಣಿಯ ಮೇಲೆ ಚೆಂದಕ್ಕೆಂದು ಹಂಚು ಅಂಟಿಸುವುದನ್ನು ನೋಡುತ್ತೇವೆ. ಆ ಹಂಚಿಗೆ ಅಲ್ಲಿ ಏನು ಕೆಲಸ?

ಬಿಸಿಲುನಾಡು

ರೇಖೆಯವರು ಮಳೆಯ ಊರನ್ನು ಪಕ್ಕಕ್ಕಿಟ್ಟರೆ ನಾನು ಬಿಸಿಲಿನ ಊರಿನಿಂದ ಮಾತಾಡುತ್ತೇನೆ. ವಿಜಯಪುರದಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. 1627ರಲ್ಲಿ ಮುಗಿದ ಇಬ್ರಾಹಿಂ ರೋಜಾವನ್ನು ನೋಡಿ. ಸುತ್ತಲೂ ಅಗಲವಾದ ಕಲ್ಲಿನ ಸಜ್ಜಾ ಇದೆ, ಅದನ್ನು ಹೊತ್ತಿರುವ ಕೆತ್ತನೆಯ ಚಾಚುಗಲ್ಲುಗಳ ಸಾಲು ಇದೆ. ಸಜ್ಜಾದ ನೆರಳು ಕಮಾನುಗಳ ಮೇಲೆ ಬಿದ್ದಾಗಲೇ ಆ ಕಟ್ಟಡಕ್ಕೆ ಮುಖ ಬರುತ್ತದೆ. ಕಿಟಕಿಗಳಲ್ಲಿ ಜಾಲಂಧ್ರಗಳಿವೆ, ಕಲ್ಲಿನ ಜಾಲರಿಯನ್ನೇ ಅರಬ್ಬಿ ಅಕ್ಷರಗಳಾಗಿ ಕೊರೆದಿದ್ದಾರೆ. ಅಕ್ಷರ ಅಲಂಕಾರ, ಅಕ್ಷರಗಳ ನಡುವಿನ ಕಿಂಡಿ ಬೆಳಕು ಮತ್ತು ಗಾಳಿಗೆ. ಮೇ ತಿಂಗಳ ಮಧ್ಯಾಹ್ನ ಹೊರಗೆ ಕಲ್ಲು ಬರಿಗಾಲಿಗೆ ಸುಡುತ್ತಿರುವಾಗ ಆ ಜಾಲಂಧ್ರದ ಒಳಗೆ ಕೈಯಿಟ್ಟು ನೋಡಿದ್ದೇನೆ, ಕಿಂಡಿಯಿಂದ ತೆಳುವಾದ ಗಾಳಿ ಬೆರಳಿಗೆ ತಾಗುತ್ತದೆ.

ಅದೇ ಊರಿನ ಗೋಳಗುಮ್ಮಟದ ಒಳಗೆ ತಲೆ ಎತ್ತಿ ನೋಡುವವರು ಒಂದನ್ನೊಂದು ಹಾಯುವ ಎಂಟು ಕಮಾನುಗಳನ್ನು ಕಂಡು ಬೆರಗಾಗುತ್ತಾರೆ. ಆ ಕಮಾನುಗಳು ಅಲಂಕಾರಕ್ಕಲ್ಲ. ಚೌಕವಾದ ಕೋಣೆಯ ಮೇಲೆ ದುಂಡಾದ ಗುಮ್ಮಟವನ್ನು ಕೂರಿಸಬೇಕು, ಅದರ ಭಾರವನ್ನು ಗೋಡೆಗಳಿಗೆ ದಾಟಿಸಬೇಕು. ಎರಡು ಚೌಕಗಳನ್ನು ಒಂದರ ಮೇಲೊಂದು ಓರೆಯಾಗಿ ಇಟ್ಟಂತೆ ಕಮಾನುಗಳನ್ನು ಹೆಣೆದು ಆ ಭಾರ ಇಳಿಸಿದರು. ಕೆಳಗೆ ಒಂದು ಕಂಬವೂ ಇಲ್ಲದೆ ಸುಮಾರು 38 ಮೀಟರ್ ಅಗಲದ ಗುಮ್ಮಟ 1656ರಿಂದ ನಿಂತಿದೆ. ಅಲ್ಲಿ ಅಂದ ಎಲ್ಲಿ ಮುಗಿಯುತ್ತದೆ, ಕೆಲಸ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆದು ತೋರಿಸಿ ನೋಡೋಣ.

ಗಾಜಿನಮನೆ

ಇವೆಲ್ಲ ಗೋರಿಗಳು, ಗುಡಿಗಳು. ಮನೆಯ ಮಾತಾಡಿ. "ರೂಪವು ಉಪಯೋಗವನ್ನು ಅನುಸರಿಸುತ್ತದೆ" ಎಂದು ಅಮೆರಿಕದ ವಾಸ್ತುಶಿಲ್ಪಿ ಲೂಯಿಸ್ ಸಲಿವನ್ 1896ರಲ್ಲೇ ಹೇಳಿದ್ದಾನೆ. ಅಲಂಕಾರ ಬೇಡ ಎಂಬುದೇ ಆಧುನಿಕ ವಾಸ್ತುಶಿಲ್ಪದ ಮೂಲ. ಹೊಸಮನೆಯವರ ವಾಸ್ತುಶಿಲ್ಪಿ ಅದನ್ನೇ ಮಾಡಿದ್ದಾರೆ.

ರೇಖೆ_ನೆರಳು

ಇಲ್ಲಿ ಎರಡು ತಪ್ಪುಗಳಿವೆ. ಸಲಿವನ್ ಅಲಂಕಾರವನ್ನು ಬೇಡವೆಂದವನಲ್ಲ. ಅದೇ ವರ್ಷ ಬಫಲೋ ನಗರದಲ್ಲಿ ಅವನು ಮುಗಿಸಿದ ಗ್ಯಾರಂಟಿ ಬಿಲ್ಡಿಂಗಿನ ಹೊರಮೈಯನ್ನು ಸುಟ್ಟಮಣ್ಣಿನ ಎಲೆಬಳ್ಳಿಗಳ ಕೆತ್ತನೆ ತುಂಬಿಕೊಂಡಿದೆ. ಎತ್ತರದ ಕಟ್ಟಡದ ಒಳಗಿನ ಬಳಕೆ ಏನೋ ಅದು ಹೊರಗೆ ಕಾಣಬೇಕು ಎಂಬುದು ಅವನ ಮಾತಿನ ಅರ್ಥ. ಅಲಂಕಾರವನ್ನು ದೂರ ಮಾಡಿದವರು ಅವನ ನಂತರದವರು. ಎರಡನೆಯದಾಗಿ, ಸಜ್ಜಾ ಅಲಂಕಾರವೇ ಅಲ್ಲವಲ್ಲ! ಅದನ್ನು ಕಿತ್ತುಹಾಕುವುದು ಉಪಯೋಗವನ್ನು ಅನುಸರಿಸುವ ರೂಪ ಹೇಗಾದೀತು? ಈ ವಿಷಯದಲ್ಲಿ ನಾನು ಮೇಸ್ತ್ರಿಯವರ ಕಡೆಗೇ ಇದ್ದೇನೆ.

ಕಡಲಾಚೆ_ಕನ್ನಡಿಗ

ಗಾಜಿನಮನೆಯವರಿಗೆ ಒಂದು ಕಟ್ಟಡದ ಕಥೆ ಹೇಳಬೇಕು. ನಾನು ಪ್ಯಾರಿಸ್ಸಿನಲ್ಲಿದ್ದೇನೆ, ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯ ದೂರದ ಪೊಯಿಸ್ಸಿಯಲ್ಲಿ ವಾಸ್ತುಶಿಲ್ಪಿ ಲ ಕಾರ್ಬುಸಿಯೆ 1928ರಿಂದ 1931ರವರೆಗೆ ಕಟ್ಟಿಸಿದ ವಿಲ್ಲಾ ಸವಾಯ್ ಇದೆ. ತೆಳುವಾದ ಕಂಬಗಳ ಮೇಲೆ ನಿಂತ ಬಿಳಿಯ ಪೆಟ್ಟಿಗೆ, ಉದ್ದಕ್ಕೂ ಒಂದೇ ಸಾಲಿನ ಕಿಟಕಿ, ಚಪ್ಪಟೆ ತಾರಸಿ, ಗೋಡೆಯಿಂದ ಏನೂ ಹೊರಚಾಚಿಲ್ಲ. ಹೊಸಮನೆಯವರ ಚಿತ್ರದ ಮುತ್ತಜ್ಜ ಎಂದರೆ ತಪ್ಪಾಗದು. ಒಳಗಿನ ಇಳಿಜಾರಿನ ದಾರಿಯಲ್ಲಿ ಮೆಲ್ಲನೆ ಹತ್ತುತ್ತಾ ತಾರಸಿಯ ತೋಟಕ್ಕೆ ಬಂದಾಗ ನನಗೆ ಮಾತು ಬರಲಿಲ್ಲ, ಅಷ್ಟು ಸುಂದರವಾಗಿದೆ.

ಆದರೆ ಆ ಮನೆಯ ಒಡತಿ ವರ್ಷಗಟ್ಟಲೆ ಬರೆದ ಪತ್ರಗಳಲ್ಲಿ ಇದ್ದದ್ದು ಸೋರಿಕೆಯ ದೂರು. ಹಜಾರದಲ್ಲಿ ಮಳೆ, ಇಳಿಜಾರಿನ ದಾರಿಯಲ್ಲಿ ಮಳೆ, ಕಾರು ನಿಲ್ಲಿಸುವ ಕಡೆ ಗೋಡೆ ಪೂರ್ತಿ ನೆಂದಿದೆ ಎಂದು 1936ರಲ್ಲಿ ಬರೆದಿದ್ದಾರೆ. ಕುಟುಂಬ ಅಲ್ಲಿ ಹತ್ತು ವರ್ಷವೂ ನೆಮ್ಮದಿಯಾಗಿ ಇರಲಿಲ್ಲ, 1940ರಲ್ಲಿ ಯುದ್ಧದ ಕಾರಣ ಬಿಟ್ಟುಹೋಯಿತು. 2016ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದನ್ನು ಜೋಪಾನ ಮಾಡಲು ಇಂದು ಫ್ರಾನ್ಸಿನ ಸರ್ಕಾರ ಇದೆ. 30×40ರ ಮನೆಗೆ ಯಾರಿದ್ದಾರೆ?

ನನಗೆ ಮುಖ್ಯವೆನಿಸುವುದು ಆಮೇಲೆ ನಡೆದದ್ದು. ಅದೇ ಮನುಷ್ಯ ಚಂಡೀಗಢಕ್ಕೆ ಬಂದಾಗ ಬಿಸಿಲನ್ನೂ ಮಳೆಯನ್ನೂ ಲೆಕ್ಕಕ್ಕೆ ಹಿಡಿದ. ಅಲ್ಲಿನ ಹೈಕೋರ್ಟಿನ ಮೇಲೆ ಕೊಡೆ ಹಿಡಿದಂತೆ ಇನ್ನೊಂದು ಚಾವಣಿ ಇದೆ, ಎರಡರ ನಡುವೆ ಗಾಳಿ ಹಾಯುತ್ತದೆ. ಮುಂಭಾಗದಲ್ಲಿ ಆಳವಾದ ಕಾಂಕ್ರೀಟ್ ಗೂಡುಗಳು ಬಿಸಿಲನ್ನು ತಡೆಯುತ್ತವೆ. ಆ ಕಟ್ಟಡವನ್ನು ನೆನೆದರೆ ನೆನಪಾಗುವುದೇ ಆ ಕೊಡೆ ಮತ್ತು ಆ ಗೂಡುಗಳು. ಪೊಯಿಸ್ಸಿಯಲ್ಲಿ ರೇಖೆ ಕೆಡಿಸುತ್ತದೆಂದು ದೂರವಿಟ್ಟದ್ದೇ ಚಂಡೀಗಢದಲ್ಲಿ ಕಟ್ಟಡದ ಮುಖವಾಯಿತು.

ಗಾಜಿನಮನೆ

ಸಲಿವನ್ ವಿಷಯದಲ್ಲಿ ನಾನು ಕೇಳಿದ್ದನ್ನೇ ಹೇಳಿದೆ, ತಿದ್ದಿದ್ದಕ್ಕೆ ಧನ್ಯವಾದ. ಆದರೆ ಸೋರಿದರೂ ಆ ಮನೆ ನಿಮಗೆ ಮಾತು ನಿಲ್ಲಿಸಿತಲ್ಲ. ಸ್ವಲ್ಪ ನೀರು ಬಂದರೆ ಒರೆಸಬಹುದು, ಚೆಂದವಿಲ್ಲದ ಮನೆಯನ್ನು ಏನು ಮಾಡಬಹುದು?

ಅಡುಗೆಮನೆ_ಕಟ್ಟೆ

ಒರೆಸುವವರು ಯಾರು ಎಂದು ಯಾರೂ ಕೇಳಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ಮೂರು ವರ್ಷಗಳ ಹಿಂದೆ ಒಂದು ಒಳಾಂಗಣ ವಿನ್ಯಾಸದ ಸಂಸ್ಥೆಗೆ ನಮ್ಮ ಅಡುಗೆಮನೆಯನ್ನು ಒಪ್ಪಿಸಿದೆವು. ಹಾಲಿನಂಥ ಬಿಳಿ, ಕನ್ನಡಿಯಂತೆ ಹೊಳೆಯುವ ಕಪಾಟುಗಳು, ಒಂದಕ್ಕೂ ಹಿಡಿಯಿಲ್ಲ, ಒತ್ತಿದರೆ ತೆರೆದುಕೊಳ್ಳುತ್ತವೆ. ಬಂದವರೆಲ್ಲ ಹೊಗಳಿದರು. ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಹೊತ್ತು ಒಗ್ಗರಣೆ ಹಾಕುತ್ತೇವೆ. ಅರಿಶಿನದ ಕೈಯಲ್ಲಿ ಒತ್ತಿದರೆ ಹಳದಿ ಬೆರಳು, ಹಿಟ್ಟಿನ ಕೈಯಲ್ಲಿ ಒತ್ತಿದರೆ ಬಿಳಿ ಬೆರಳು. ಹಿಡಿ ಇದ್ದಿದ್ದರೆ ಕಿರುಬೆರಳಿನಿಂದ ಎಳೆಯುತ್ತಿದ್ದೆ. ಫಾಲ್ಸ್ ಸೀಲಿಂಗ್ ಮಾಡುವಾಗ ಕಿಟಕಿಯ ಮೇಲಿದ್ದ ವೆಂಟಿಲೇಟರನ್ನು ಮುಚ್ಚಿಬಿಟ್ಟರು, ಅದು ಗೆರೆಯನ್ನು ಕತ್ತರಿಸುತ್ತದಂತೆ. ಬಿಸಿ ಹಬೆ ಮೇಲಕ್ಕೇರುತ್ತದೆ, ಅಲ್ಲಿ ಹೊರಹೋಗಲು ದಾರಿಯಿಲ್ಲ. ಚಿಮಣಿ ಇದ್ದರೂ ಎಣ್ಣೆಯ ಅಂಟು ಸೀಲಿಂಗಿನ ಮೂಲೆಗಳಲ್ಲಿ ಕೂತಿದೆ. ಕಟ್ಟೆಯ ಎತ್ತರ 34 ಅಂಗುಲ ಇಟ್ಟರು. ನನಗೆ ಸರಿ, ನಮ್ಮ ಅತ್ತೆಯವರು ಗಿಡ್ಡ, ಚಪಾತಿ ಲಟ್ಟಿಸುವಾಗ ಅವರ ಭುಜ ಎತ್ತಿ ನಿಲ್ಲುತ್ತದೆ. ಅಳತೆ ತೆಗೆದುಕೊಂಡು ಹೋದವರು ಗೋಡೆಯ ಅಳತೆ ತೆಗೆದರು, ಅಡುಗೆ ಮಾಡುವವರದ್ದು ತೆಗೆಯಲಿಲ್ಲ.

ಹಾಸನದ ಹಳ್ಳಿಯಲ್ಲಿ ನನ್ನ ತವರುಮನೆಯ ಒಲೆಯ ಪಕ್ಕದ ಗೋಡೆಯಲ್ಲಿ ಒಂದು ಗೂಡಿತ್ತು. ಕುಳಿತಲ್ಲಿಂದ ಕೈಗೆ ಸಿಗುವ ಎತ್ತರ, ಒಳಗೆ ಉಪ್ಪಿನ ಮರಿಗೆ ಮತ್ತು ಬೆಂಕಿಪೊಟ್ಟಣ, ಒಲೆಯ ಬಿಸಿಗೆ ಉಪ್ಪು ಮಳೆಗಾಲದಲ್ಲೂ ಒದ್ದೆಯಾಗುತ್ತಿರಲಿಲ್ಲ. ಗೂಡಿನ ಮೇಲ್ಭಾಗ ಕಮಾನಿನಂತೆ ದುಂಡಗಿತ್ತು. ಚೆಂದಕ್ಕೆ ಮಾಡಿದ್ದಾರೆ ಎಂದುಕೊಂಡಿದ್ದೆ. ಮರದ ತುಂಡು ಇಡದೆ ಗೋಡೆಯ ಭಾರ ತಡೆಯಲು ಹಾಗೆ ಮಾಡುತ್ತಾರೆ ಎಂದು ಆಮೇಲೆ ಅಪ್ಪ ಹೇಳಿದರು. ಸಂಜೆ ಅದರಲ್ಲಿ ಒಂದು ದೀಪ ಇಡುತ್ತಿದ್ದರು. ಇಷ್ಟು ವರ್ಷವಾದರೂ ನನ್ನ ಕಣ್ಣಿಗೆ ಕಟ್ಟಿದಂತಿರುವುದು ಆ ಗೂಡು.

ಕರಣೆ_ತೂಗುಗುಂಡು

ಮೇಡಂ, ಆ ಗೂಡನ್ನು ಕಟ್ಟಿದವರ ಕೈಗೆ ನಮಸ್ಕಾರ.

ಗಾಜಿನಮನೆ

ಅಡುಗೆಮನೆಯವರೇ, "ಒರೆಸಬಹುದು" ಎಂದು ಬರೆಯುವಾಗ ನಾನು ಯೋಚಿಸಿರಲಿಲ್ಲ. ಆ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ಚರ್ಚೆ ಸಜ್ಜಾದಿಂದ ಕಪಾಟಿಗೆ ಹೋಯಿತಲ್ಲವೇ?

ಆಗುಂಬೆ_ಘಟ್ಟ

ಎಲ್ಲಿಗೂ ಹೋಗಿಲ್ಲ. ವೆಂಟಿಲೇಟರ್ ಮುಚ್ಚಿದ್ದೂ ಸಜ್ಜಾ ತೆಗೆದದ್ದೂ ಒಂದೇ ಕಾರಣಕ್ಕೆ: ಎರಡೂ ಗೆರೆಗೆ ಅಡ್ಡ ಬಂದವು.

ನೆರಳಿನ_ಲೆಕ್ಕ

ನಿವೃತ್ತ ಸಿವಿಲ್ ಎಂಜಿನಿಯರ್. ಎಲ್ಲರೂ ಮಳೆಯ ಬಗ್ಗೆ ಬರೆದಿದ್ದಾರೆ. ಹೊಸಮನೆಯವರು ಮೊದಲ ಸಾಲಿನಲ್ಲೇ ಹೇಳಿದ ಒಂದು ವಿಷಯವನ್ನು ಯಾರೂ ಎತ್ತಿಕೊಳ್ಳಲಿಲ್ಲ: ರಸ್ತೆ ಪಶ್ಚಿಮಕ್ಕಿದೆ. ಇಲ್ಲಿ ಅವರ ತಂದೆಯವರ ಸಜ್ಜಾ ಅರ್ಧ ಕೆಲಸ ಮಾತ್ರ ಮಾಡುತ್ತದೆ.

ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯ ದಕ್ಷಿಣದಲ್ಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ, ಎರಡು ಅಡಿಯ ಸಜ್ಜಾ ದಕ್ಷಿಣದ ಕಿಟಕಿಯ ಮೇಲೆ ಎರಡು ಮುಕ್ಕಾಲು ಅಡಿ ನೆರಳು ಕೊಡುತ್ತದೆ. ಮಾರ್ಚಿನಲ್ಲಿ ಅದೇ ಸಜ್ಜಾದ ನೆರಳು ಕಿಟಕಿಯನ್ನು ಪೂರ್ತಿ ಮುಚ್ಚಿ ಇನ್ನೂ ಕೆಳಗಿಳಿಯುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಬಿಸಿಲು ಉತ್ತರದ ಗೋಡೆಗೆ ಬೀಳುತ್ತದೆ, ಅಲ್ಲಿಗೂ ಒಂದೂವರೆ ಅಡಿ ಸಾಕು. ಪಶ್ಚಿಮದ ಮಾತೇ ಬೇರೆ. ಮಾರ್ಚ್ ಸಂಜೆ ನಾಲ್ಕೂವರೆಗೆ ಸೂರ್ಯ ಸುಮಾರು 29 ಡಿಗ್ರಿ ಎತ್ತರಕ್ಕೆ ಇಳಿದಿರುತ್ತಾನೆ. ಆಗ ಎರಡು ಅಡಿಯ ಸಜ್ಜಾದ ನೆರಳು ಸುಮಾರು ಒಂದೇ ಅಡಿ, ಉಳಿದ ಗಾಜೆಲ್ಲ ಬಿಸಿಲಿಗೆ. ಆ ಕೋಣೆಯಲ್ಲಿ ರಾತ್ರಿ ಹತ್ತರವರೆಗೂ ಗೋಡೆ ಬಿಸಿ ಬಿಡುತ್ತಿರುತ್ತದೆ.

ಆದ್ದರಿಂದ ಸಜ್ಜಾ ಮಳೆಗೆ ಇರಲಿ. ಬಿಸಿಲಿಗೆ ಪಶ್ಚಿಮದಲ್ಲಿ ಮೂರು ದಾರಿಗಳಿವೆ. ಗಾಜನ್ನು ಕಡಿಮೆ ಮಾಡಿ ಕಿಟಕಿಗಳನ್ನು ಚಿಕ್ಕದಾಗಿಸಬಹುದು, ಮಲಗುವ ಕೋಣೆಯ ಬದಲು ಮೆಟ್ಟಿಲು ಮತ್ತು ಉಗ್ರಾಣವನ್ನು ಆ ಬದಿಗೆ ತರಬಹುದು, ಅಥವಾ ಗೋಡೆಯ ಮುಂದೆ ಜಾಲರಿ ಕಟ್ಟಬಹುದು. ರಸ್ತೆಯ ಬದಿಯಲ್ಲಿ ಒಂದು ಹೊಂಗೆ ನೆಡುವುದನ್ನೂ ಮರೆಯಬೇಡಿ, ಬೇಸಿಗೆಯ ಹೊತ್ತಿಗೆ ಹೊಸ ಎಲೆ ತುಂಬಿಕೊಳ್ಳುವ ಮರ ಅದು.

ಬಿಸಿಲುನಾಡು

ಜಾಲರಿ ಎಂದಿರಲ್ಲ, ಅದೇ ಸರಿಯಾದ ಉತ್ತರ. ತಿರುವನಂತಪುರದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಕಟ್ಟಡಗಳನ್ನು ನೋಡಿದರೆ ಬರಿಯ ಇಟ್ಟಿಗೆಯಿಂದ ಎಂಥ ಜಾಲರಿ ಮಾಡಬಹುದೆಂದು ತಿಳಿಯುತ್ತದೆ. ಒಂದು ಇಟ್ಟಿಗೆ ಬಿಟ್ಟು ಒಂದು ಇಟ್ಟಿಗೆ, ಅಷ್ಟೇ. ಕಿಟಕಿಯ ಮರ, ಗಾಜು, ಸರಳು ಯಾವುದರ ಖರ್ಚೂ ಇಲ್ಲ, ಗಾಳಿ ಬರುತ್ತದೆ, ಹೊರಗಿನವರ ಕಣ್ಣು ಒಳಗೆ ಬರುವುದಿಲ್ಲ, ಸಂಜೆಯಾದರೆ ನೆಲದ ಮೇಲೆ ಬೆಳಕಿನ ಚುಕ್ಕಿಗಳ ರಂಗೋಲಿ ಬೀಳುತ್ತದೆ.

ಬಳಪದ_ಕಲ್ಲು

ಜಾಲರಿಯ ಮಾತು ಬಂದದ್ದರಿಂದ ಬೇಲೂರನ್ನು ಹೇಳದಿದ್ದರೆ ಹೇಗೆ? ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ಆ ನವರಂಗ ಸುತ್ತಲೂ ತೆರೆದೇ ಇತ್ತು. ಕಂಬಗಳ ನಡುವಿನ ಜಾಲಂಧ್ರಗಳು ಬಂದದ್ದು ಆಮೇಲೆ, ಎರಡನೆಯ ಬಲ್ಲಾಳನ ಕಾಲದಲ್ಲಿ. ಅಂದರೆ ಮುಗಿದ ಕಟ್ಟಡಕ್ಕೆ ಮುಂದೆ ಸೇರಿಸಿದ್ದು! ಇಂದು ಯಾರಿಗಾದರೂ ಅದು ಅಂಟಿಸಿದ್ದೆಂದು ಕಾಣುತ್ತದೆಯೇ?

ಮದನಿಕೆಯರು ನಿಂತಿರುವ ಜಾಗವನ್ನೂ ಗಮನಿಸಿ. ಕಂಬದ ಬೋದಿಗೆಗೂ ಮುಂಚಾಚಿದ ಸೂರಿಗೂ ನಡುವೆ, ಓರೆಯಾಗಿ ಮುಂದಕ್ಕೆ ಬಾಗಿದ್ದಾರೆ. ಮರದ ಮನೆಯಲ್ಲಿ ಸೂರಿಗೆ ಆಸರೆಯಾಗಿ ಓರೆಮರ ನಿಲ್ಲುವ ಜಾಗವೇ ಅದು. ಅವರ ತಲೆಯ ಮೇಲೆ ಸೂರು ಇದೆ. ಬೆರಳಿನ ಉಂಗುರ, ಬಳ್ಳಿಯ ಎಲೆ, ಬಳ್ಳಿಯ ಮೇಲಿನ ಹಲ್ಲಿ ಇವೆಲ್ಲ ಒಂಬೈನೂರು ವರ್ಷ ಮಳೆಗೆ ಒಡ್ಡಿಕೊಂಡಿದ್ದರೆ ಬಳಪದ ಕಲ್ಲಿನಲ್ಲಿ ಇಷ್ಟು ನಯವಾಗಿ ಉಳಿಯುತ್ತಿದ್ದವೇ?

ರೇಖೆ_ನೆರಳು

ಇದನ್ನು ಓದಿ ನನ್ನ ಮೊದಲ ಉತ್ತರವನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಸಜ್ಜಾ ಕೆಟ್ಟದಾಗಿ ಕಾಣುತ್ತದೆ ಎಂದಿದ್ದೆ. ಹಾಗೆ ಕಾಣುವುದಕ್ಕೆ ಅದನ್ನು ನಕ್ಷೆಯಲ್ಲಿ ಕೊನೆಗೆ ನೆನಪಿಸಿಕೊಂಡು ಪ್ರತಿ ಕಿಟಕಿಗೂ ಒಂದೊಂದು ಹಲಗೆ ಅಂಟಿಸುವುದೇ ಕಾರಣ. ಮೊದಲಿನಿಂದಲೇ ಸಜ್ಜಾವನ್ನು ಹಿಡಿದುಕೊಂಡು ವಿನ್ಯಾಸ ಮಾಡಿದರೆ, ಇಡೀ ಮುಂಭಾಗಕ್ಕೆ ಒಂದೇ ಉದ್ದನೆಯ ನೆರಳಿನ ಗೆರೆಯಾಗಿ ಬಂದರೆ, ಅದು ಸಪಾಟು ಗೋಡೆಗಿಂತ ಚೆಂದವಾಗಿರುತ್ತದೆ.

ಆದರೂ ಒಂದು ಆಕ್ಷೇಪವನ್ನು ಬಿಟ್ಟುಕೊಡಲಾರೆ. ಎಲ್ಲವನ್ನೂ ಮಳೆ ಬಿಸಿಲಿನ ಲೆಕ್ಕಕ್ಕೆ ಇಳಿಸಬೇಡಿ. ಬೆಂಗಳೂರಿನ ಐಐಎಂನಲ್ಲಿ ಬಾಲಕೃಷ್ಣ ದೋಶಿಯವರು ಮಾಡಿದ ಒರಟು ಕಲ್ಲಿನ ಓಣಿಗಳಲ್ಲಿ ಕೆಲವು ಕಡೆ ಪೂರ್ತಿ ಚಾವಣಿ ಇದೆ, ಕೆಲವು ಕಡೆ ತೊಲೆಗಳ ಚಪ್ಪರ ಮಾತ್ರ, ಕೆಲವು ಕಡೆ ಆಕಾಶವೇ ಇದೆ. ಮಳೆ ಬಂದರೆ ತೆರೆದ ಜಾಗದಲ್ಲಿ ನೆನೆಯುತ್ತೀರಿ. ಚಪ್ಪರದ ಮೇಲೆ ಬಳ್ಳಿ ಹಬ್ಬಿದೆ, ಹೊತ್ತು ಹೋದಂತೆ ನೆರಳು ಕಲ್ಲಿನ ಮೇಲೆ ಸರಿಯುತ್ತದೆ. ತರಗತಿಯಿಂದ ತರಗತಿಗೆ ಹೋಗುವವರು ಅಲ್ಲಿ ನಿಂತು ಮಾತಾಡಬೇಕು ಎಂಬುದು ಆ ಓಣಿಯ ಕೆಲಸ. ಪೂರ್ತಿ ಮುಚ್ಚಿದ್ದರೆ ಮೈ ಒಣಗಿರುತ್ತಿತ್ತು, ಯಾರೂ ನಿಲ್ಲುತ್ತಿರಲಿಲ್ಲ. ಉಪಯೋಗ ಎಂದರೆ ಏನು ಎಂಬುದನ್ನು ಕಟ್ಟುವವರು ಸ್ವಲ್ಪ ದೊಡ್ಡದಾಗಿ ಯೋಚಿಸಬೇಕು.

ಅಡುಗೆಮನೆ_ಕಟ್ಟೆ

ಈ ಮಾತು ನನಗೆ ಒಪ್ಪಿಗೆ. ನಮ್ಮ ಗೂಡಿನಲ್ಲಿ ದೀಪ ಇಡುತ್ತಿದ್ದದ್ದೂ ಉಪ್ಪಿನ ಲೆಕ್ಕಕ್ಕೆ ಸೇರಿದ್ದಲ್ಲ.

ಮಣ್ಣಿಟ್ಟಿಗೆ

ಬೆಂಗಳೂರಿನಲ್ಲಿ ಮಣ್ಣಿನ ಇಟ್ಟಿಗೆಯ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಬೆಳೆಸಿದ ವಿಧಾನ ಅದು, ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಯಂತ್ರದಲ್ಲಿ ಒತ್ತಿದ, ಸುಡದ ಇಟ್ಟಿಗೆ. ಹೊರಗೆ ಗಾರೆಯಿಲ್ಲ, ಬಣ್ಣವಿಲ್ಲ, ಮಣ್ಣಿನ ಬಣ್ಣವೇ ಗೋಡೆಯ ಚೆಂದ. ಮೂರು ಬದಿಯಲ್ಲಿ ಎರಡೂವರೆ ಅಡಿಯ ಸೂರು ಇದೆ, ಆ ಗೋಡೆಗಳು ಕಟ್ಟಿದ ದಿನದಂತೆಯೇ ಇವೆ. ನಾಲ್ಕನೆಯ ಬದಿಯಲ್ಲಿ ಜಾಗ ಸಾಲದೆಂದು ಸೂರನ್ನು ಒಂದು ಅಡಿಗೆ ಇಳಿಸಿದೆವು. ಆ ಗೋಡೆಯ ಕೆಳಗಿನ ನಾಲ್ಕು ವರಸೆಗಳ ಅಂಚು ಸವೆದು ದುಂಡಗಾಗಿದೆ. ಹೊಸಮನೆಯವರು ಬಂದು ನೋಡುವುದಾದರೆ ಸಂದೇಶ ಕಳುಹಿಸಲಿ, ತೋರಿಸುತ್ತೇನೆ.

ಗಾಜಿನಮನೆ

ನೆರಳಿನ ಲೆಕ್ಕದವರ ಅಂಕಿಗಳನ್ನು ನಮ್ಮ ಪಶ್ಚಿಮದ ಕೋಣೆಯಲ್ಲಿ ಇಂದು ಸಂಜೆ ಟೇಪು ಹಿಡಿದು ಅಳೆದೆ. ನೆರಳು ಅವರು ಹೇಳಿದ್ದಕ್ಕಿಂತ ಒಂದೆರಡು ಅಂಗುಲ ಮಾತ್ರ ಹೆಚ್ಚಿತ್ತು. ನನ್ನ ವಾದವನ್ನು ಇಲ್ಲಿಗೆ ನಿಲ್ಲಿಸುತ್ತೇನೆ.

ಹೊಸಮನೆ_ಮೈಸೂರು

ಇಷ್ಟು ಜನ ಇಷ್ಟು ವಿವರವಾಗಿ ಬರೆಯುತ್ತೀರೆಂದು ಅಂದುಕೊಂಡಿರಲಿಲ್ಲ, ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಉತ್ತರಗಳನ್ನು ಮುದ್ರಿಸಿಕೊಂಡು ಹೋಗಿ ವಾಸ್ತುಶಿಲ್ಪಿಯವರಿಗೆ ಕೊಟ್ಟೆ. ಬೇಸರಪಟ್ಟುಕೊಳ್ಳುತ್ತಾರೆಂದು ಅಳುಕಿತ್ತು. ಅವರು ಎರಡು ದಿನ ಕೇಳಿ ಹೊಸ ಚಿತ್ರ ತಂದರು. ಮೆಟ್ಟಿಲು ಪಶ್ಚಿಮಕ್ಕೆ ಬಂದಿದೆ, ಅದರ ಮುಂದೆ ನೆಲದಿಂದ ತಾರಸಿಯವರೆಗೆ ಇಟ್ಟಿಗೆಯ ಜಾಲರಿ. ಉಳಿದ ಕಿಟಕಿಗಳು ಚಿಕ್ಕದಾಗಿ ಒಂಬತ್ತು ಅಂಗುಲ ಒಳಕ್ಕೆ ಸರಿದಿವೆ, ಅವುಗಳ ಮೇಲೆ ಮನೆಯ ಅಗಲಕ್ಕೂ ಒಂದೇ ಸಜ್ಜಾ, ಎರಡು ಅಡಿ. ಬಿಳಿ ಗೋಡೆ ಹಾಗೆಯೇ ಉಳಿದಿದೆ. ಮೊದಲನೆಯದಕ್ಕಿಂತ ಇದೇ ಚೆನ್ನಾಗಿದೆ ಎಂದು ನನ್ನ ಹೆಂಡತಿ ಹೇಳಿದಳು, ನನಗೂ ಹಾಗೆಯೇ ಅನ್ನಿಸಿತು.

ತಂದೆಯವರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಸಜ್ಜಾದ ಕೆಳಗಿನ ಗೀರನ್ನು ಎಲ್ಲಿ ತೋರಿಸಿದ್ದಾರೆ ಎಂದು ಕೇಳಿದರು. ತೋರಿಸಿರಲಿಲ್ಲ. ಪೆನ್ಸಿಲಿನಿಂದ ತಾವೇ ಒಂದು ಗೆರೆ ಎಳೆದರು. ಮೇಸ್ತ್ರಿಯವರಲ್ಲಿ ಕೇಳಬೇಕಾದದ್ದು ಇದು: ಆ ಗೀರನ್ನು ಗಾರೆ ಮಾಡುವಾಗ ಕೊರೆಯಬೇಕೋ, ಕಾಂಕ್ರೀಟ್ ಹಾಕುವಾಗಲೇ ಬರುವಂತೆ ಮಾಡಬೇಕೋ?

ಕರಣೆ_ತೂಗುಗುಂಡು

ಕಾಂಕ್ರೀಟ್ ಹಾಕುವಾಗಲೇ ಮಾಡಿಸಿ. ಆಮೇಲೆ ಕೊರೆದರೆ ಅಂಚು ಒಡೆಯುತ್ತದೆ. ಸೆಂಟ್ರಿಂಗ್ ಹಲಗೆಯ ಮೇಲೆ, ಹೊರ ಅಂಚಿನಿಂದ ಎರಡು ಅಂಗುಲ ಒಳಗೆ, ಅರ್ಧ ಅಂಗುಲದ ಮರದ ಪಟ್ಟಿಗೆ ಎಣ್ಣೆ ಹಚ್ಚಿ ಉದ್ದಕ್ಕೂ ಮೊಳೆ ಹೊಡೆಸಿ. ಹಲಗೆ ಬಿಚ್ಚಿದಾಗ ಪಟ್ಟಿಯೂ ಬರುತ್ತದೆ, ಗೀರು ಉಳಿಯುತ್ತದೆ. ಎರಡೂ ತುದಿಯಲ್ಲಿ ಗೋಡೆಯನ್ನು ಮುಟ್ಟುವ ಮೊದಲೇ ಗೀರು ನಿಲ್ಲಬೇಕು, ಇಲ್ಲದಿದ್ದರೆ ನೀರು ಅದರ ಮೂಲಕವೇ ಗೋಡೆಗೆ ಹೋಗುತ್ತದೆ.

ಇನ್ನೊಂದು ವಿಷಯ. ಸಜ್ಜಾದ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು, ಏಕೆಂದರೆ ಗೋಡೆಯಿಂದ ಹೊರಕ್ಕೆ ತೂಗುವ ಹಲಗೆಯಲ್ಲಿ ಎಳೆತ ಮೇಲೆ ಬರುತ್ತದೆ. ಕಾಂಕ್ರೀಟ್ ಹಾಕುವ ದಿನ ಕೆಲಸಗಾರರು ಓಡಾಡುವಾಗ ಆ ಕಂಬಿಯನ್ನು ತುಳಿದು ಕೆಳಕ್ಕೆ ಒತ್ತಿಬಿಡುತ್ತಾರೆ. ಆ ದಿನ ನಿಮ್ಮ ತಂದೆಯವರಿಗೆ ಒಂದು ಕುರ್ಚಿ ಹಾಕಿ ಅಲ್ಲಿಯೇ ಕೂರಿಸಿ.